ಬೀಗವುಳ್ಳ ಪುಟ್ಟ ಪೆಟ್ಟಿಗೆ

(ವಾಚನಾಲಯದ ಮಾಸಿಕ ಕೂಟದಲ್ಲಿ ಸ್ವಯಂಸೇವಕ ಮಂಡಲಿಯ ಪರವಾಗಿ ಓದಿದ ಭಾಷಣ)



ಕಾರ್ಯಕಾರಿ ಸಮಿತಿಯವರು ನಮಗೆ ಒಪ್ಪಿಸಿದ ಕೆಲಸ ಸಣ್ಣದು. ಸಂಘದ ದಫ್ತರವನ್ನು ಇಟ್ಟುಕೊಳ್ಳಲು ಕಿಸೆಯಲ್ಲಿ ಹಿಡಿಯುವಂಥ ಒಂದು ಎಸ್.ಎಸ್.ಡಿ. ಪೆಟ್ಟಿಗೆಯನ್ನು ಕೊಳ್ಳಬಹುದೇ, ಅದರೊಳಗಿನ ಕಡತಗಳಿಗೆ ಹಾಕುವ ಗುಪ್ತಲಿಪಿಯ ಬೀಗವನ್ನು ನಂಬಬಹುದೇ, ಎಂಬುದನ್ನು ಪರೀಕ್ಷಿಸಿ ವರದಿ ಹೇಳಿರಿ ಎಂದರು. ನಾವು ಈ ವಿದ್ಯೆಯಲ್ಲಿ ಪಂಡಿತರಲ್ಲ. ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರು, ಮೆಟ್ರಿಕ್ಯುಲೇಷನ್ನಿಗೆ ಓದು ನಿಲ್ಲಿಸಿದವರು. ಆದರೆ ಒಂದು ಮೊತ್ತವನ್ನು ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಕೂಡಿ ನೋಡುವ ಅಭ್ಯಾಸ ನಮಗುಂಟು. ಆ ಅಭ್ಯಾಸವನ್ನೇ ಇಲ್ಲಿಯೂ ಬಳಸಿದೆವು.

ಈ ಕೆಲಸ ಏಕೆ ಬಂದಿತೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು, ಕೆಲವರಿಗೆ ಗೊತ್ತಿಲ್ಲ. ಕಳೆದ ವರ್ಷ ವಿದ್ಯಾರ್ಥಿವೇತನಕ್ಕೆ ಬಂದ ನಲವತ್ತೊಂದು ಅರ್ಜಿಗಳನ್ನು ಒಂದು ಪೆನ್ ಡ್ರೈವಿನಲ್ಲಿ ತುಂಬಿ, ರಾತ್ರಿ ಮನೆಯಲ್ಲಿ ಕುಳಿತು ತಾಳೆ ನೋಡೋಣವೆಂದು ನಮ್ಮಲ್ಲಿಯೇ ಒಬ್ಬರು ಹೊರಟರು. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಅದು ಎಲ್ಲಿ ಬಿತ್ತೋ ಬಿತ್ತು. ಅದಕ್ಕೆ ಬೀಗವಿರಲಿಲ್ಲ. ಒಳಗೆ ಆಧಾರ್ ಚೀಟಿಗಳ ಪ್ರತಿ, ಬ್ಯಾಂಕಿನ ಪಾಸ್‌ಬುಕ್ಕಿನ ಮೊದಲ ಪುಟ, ವರಮಾನದ ದಾಖಲೆ, ಎಲ್ಲವೂ ಇದ್ದುವು. ಮುಚ್ಚಿಡಬಾರದೆಂದು ನಿಶ್ಚಯಿಸಿ ಮನೆಮನೆಗೂ ಹೋಗಿ ತಿಳಿಸಿದೆವು. ಮೂರು ಭಾನುವಾರ ಹಿಡಿಯಿತು. ಬಹು ಮಂದಿ ಬೈದರು, ಚಹ ಕೊಟ್ಟರು, ಮರೆತರು. ಒಬ್ಬ ತಾಯಿ ಮಾತ್ರ ಬೈಯಲಿಲ್ಲ. “ಅದರಲ್ಲಿ ನಾನು ಕೈಯಾರೆ ಬರೆದುಕೊಟ್ಟ ಕಾಗದವೂ ಇತ್ತೇ?” ಎಂದು ಕೇಳಿದರು. ಇತ್ತು. ಗಂಡನು ಮನೆ ಬಿಟ್ಟುಹೋದ ಸಂಗತಿಯನ್ನು ನೆರೆಯವರಿಗೂ ಹೇಳದೆ ನಮ್ಮ ಸಮಿತಿಗೆ ಮಾತ್ರ ಅವರು ಬರೆದಿದ್ದರು. ಆ ಪೆನ್ ಡ್ರೈವು ಇಂದಿಗೂ ಸಿಕ್ಕಿಲ್ಲ.

ಆದುದರಿಂದ ಈಗ ನಾವು ಹೇಳುವುದು ಬರಿಯ ಯಂತ್ರದ ವಿಷಯವಲ್ಲ.

ಮೊದಲು ಈ ಪೆಟ್ಟಿಗೆ ಎಂಥದು ಎಂಬುದನ್ನು ಹೇಳಬೇಕು. ಹಳೆಯ ಹಾರ್ಡ್ ಡಿಸ್ಕಿನೊಳಗೆ ಗ್ರಾಮೊಫೋನಿನ ತಟ್ಟೆಯಂತೆ ತಿರುಗುವ ತಟ್ಟೆಯೂ ಅದರ ಮೇಲೆ ಆಡುವ ತೋಳೂ ಇರುತ್ತವೆ. ಓಡುತ್ತಿರುವಾಗ ಕೈಜಾರಿ ಬಿದ್ದರೆ ತೋಳು ತಟ್ಟೆಯನ್ನು ಗೀಚುವುದುಂಟು. ಎಸ್.ಎಸ್.ಡಿ.ಯಲ್ಲಿ ತಿರುಗುವುದು ಏನೂ ಇಲ್ಲ. ಫ್ಲ್ಯಾಶ್ ಚಿಪ್ಪುಗಳ ಅತಿ ಸಣ್ಣ ಕೋಶಗಳಲ್ಲಿ ವಿದ್ಯುತ್ತಿನ ಅಂಶವನ್ನು ಹಿಡಿದಿಟ್ಟು ಬರಹವನ್ನು ಕಾಪಾಡುತ್ತಾರೆ. 2020ರಲ್ಲಿ ಬಂದ ಸ್ಯಾಮ್‌ಸಂಗ್ ಟಿ7 ಎಂಬ ಮಾದರಿಯನ್ನು ಉದಾಹರಣೆಗೆ ತೆಗೆದುಕೊಂಡರೆ, ಅದರ ತೂಕ 58 ಗ್ರಾಂ, ದಪ್ಪ 8 ಮಿಲಿಮೀಟರು. ಶರಟಿನ ಕಿಸೆಯಲ್ಲಿಟ್ಟರೆ ಇದೆಯೆಂಬುದೇ ಮರೆಯುತ್ತದೆ. ಕಳೆದುಹೋಗುವುದಕ್ಕೂ ಅಷ್ಟೇ ಅನುಕೂಲ!

ನಾವು ಪರೀಕ್ಷೆಗೆ ತಂದದ್ದು ಇನ್ನೊಂದು ಕಂಪನಿಯದು, 1 ಟೆರಾಬೈಟಿನದು. ಸೇರಿಸಿದೊಡನೆ ಗಣಕದಲ್ಲಿ 931 ಎಂದು ಕಾಣಿಸಿತು. ಅಂಗಡಿಯವನು 69 ಗಿಗಾಬೈಟ್ ನುಂಗಿದನೆಂದು ನಮ್ಮಲ್ಲಿ ಒಬ್ಬರು ಆಗಲೇ ಚಪ್ಪಲಿ ಮೆಟ್ಟಿಕೊಂಡರು. ವಿಷಯ ಅದಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ ಗಣಕ 1,024ರ ಲೆಕ್ಕದಲ್ಲಿ ಅಳೆಯುತ್ತದೆ. ಸರಕು ಒಂದೇ, ಸೇರು ಬೇರೆ. ಆದರೂ ಮಾರುಕಟ್ಟೆಯಲ್ಲಿ ಸುಳ್ಳು ಅಳತೆ ತೋರಿಸುವ ನಕಲಿ ಮಾಲು ಇರುವುದು ನಿಜ. ಆದಕಾರಣ ಪೆಟ್ಟಿಗೆಯನ್ನು ಅಂಚಿನವರೆಗೂ ತುಂಬಿ, ತಿರುಗಿ ಓದಿ ತಾಳೆ ನೋಡುವ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಧನವನ್ನು ಒಂದು ಇಡೀ ರಾತ್ರಿ ನಡೆಸಿದೆವು. ಬೆಳಗ್ಗೆ ಲೆಕ್ಕ ಸರಿಯಾಗಿತ್ತು.

ಇನ್ನು ವೇಗ. ಡಬ್ಬಿಯ ಮೇಲೆ ಸೆಕೆಂಡಿಗೆ 1,000 ಮೆಗಾಬೈಟಿಗೂ ಮೇಲೆಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಹಳೆಯ ಸಂಚಿಕೆಗಳ ಛಾಯಾಪ್ರತಿಗಳು ಸುಮಾರು 40 ಗಿಗಾಬೈಟಿನಷ್ಟಿವೆ. ವಾಚನಾಲಯದ ಹಳೆಯ ಗಣಕದಿಂದ ಅವನ್ನು ಇಳಿಸಲು ಹದಿನೆಂಟು ಮಿನಿಟಿನ ಮೇಲಾಯಿತು. ಕಾರಣ, ಆ ಗಣಕದ ಕಿಂಡಿ ಯು.ಎಸ್.ಬಿ. 2.0 ಕಾಲದ್ದು. ಪೆಟ್ಟಿಗೆ ಎಷ್ಟೇ ಚುರುಕಾಗಿದ್ದರೂ ಆ ಕಿಂಡಿಯಲ್ಲಿ ಸೆಕೆಂಡಿಗೆ ನಲವತ್ತು ಮೆಗಾಬೈಟಿನ ಆಸುಪಾಸು ಮಾತ್ರ ಹಾಯುತ್ತದೆ. ಹೊಸ ಕಿಂಡಿಯುಳ್ಳ ಲ್ಯಾಪ್‌ಟಾಪಿನಲ್ಲಿ ಏಳು ಮಿನಿಟು. ಅಲ್ಲಿಯೂ ಪೂರ್ತಿ ವೇಗ ಬರಲಿಲ್ಲ, ಏಕೆಂದರೆ ಆ ಲ್ಯಾಪ್‌ಟಾಪಿನೊಳಗಿದ್ದುದು ತಿರುಗುವ ಡಿಸ್ಕು. ಕೊಡುವವನ ಕೈ ನಿಧಾನವಾದರೆ ಕೊಳ್ಳುವವನ ಚೀಲ ದೊಡ್ಡದಾಗಿ ಏನು ಪ್ರಯೋಜನ? ವೇಗಕ್ಕಾಗಿ ಹೆಚ್ಚು ಹಣ ತೆರುವುದು ನಮ್ಮ ಸಂಘಕ್ಕೆ ವ್ಯರ್ಥವೆಂದೇ ನಮ್ಮ ಅಭಿಪ್ರಾಯ. ಬಿದ್ದರೆ ಕೆಡದಿರುವ ಗುಣಕ್ಕೆ ಮಾತ್ರ ನಾಲ್ಕು ಕಾಸು ಹೆಚ್ಚು ಕೊಡಬಹುದು.

ಈಗ ಬೀಗದ ಮಾತಿಗೆ ಬರೋಣ. ನಮಗೆ ಹೆಚ್ಚು ಹೊತ್ತು ಹಿಡಿದದ್ದು ಇದು.

ಬೀಗ ಎರಡು ಬಗೆ. ಒಂದರಲ್ಲಿ ಪೆಟ್ಟಿಗೆಯ ಚಿಪ್ಪೇ ಬರೆಯುವುದನ್ನೆಲ್ಲ ಗುಪ್ತಲಿಪಿಯಲ್ಲಿ ಬರೆದುಕೊಳ್ಳುತ್ತದೆ, ಸಂಕೇತಪದ ಕೊಡದೆ ಬಾಗಿಲೇ ತೆರೆಯದು. ಇನ್ನೊಂದರಲ್ಲಿ ಪೆಟ್ಟಿಗೆ ತೆರೆದೇ ಇರುತ್ತದೆ, ಜೊತೆಗೆ ಬಂದ ತಂತ್ರಾಂಶ ಅದರೊಳಗೆ ಒಂದು ತಿಜೋರಿಯನ್ನು ಮಾಡಿಕೊಡುತ್ತದೆ. ತಿಜೋರಿಯಲ್ಲಿಟ್ಟ ಕಡತಕ್ಕೆ ಮಾತ್ರ ಬೀಗ. ನಮ್ಮದು ಎರಡನೆಯ ಬಗೆಯದು. ಎರಡರಲ್ಲಿಯೂ ಎ.ಇ.ಎಸ್. ಎಂಬ ಗುಪ್ತಲಿಪಿಯೇ ಸಾಮಾನ್ಯ. ಬೆಲ್ಜಿಯಂ ದೇಶದ ಯೋನ್ ಡಾಮನ್, ವಿನ್ಸೆಂಟ್ ರೈಮನ್ ಎಂಬ ಇಬ್ಬರು ರಚಿಸಿದ್ದು. 2001ರಲ್ಲಿ ಅಮೆರಿಕದ ಸರ್ಕಾರ ಅದನ್ನು ಪ್ರಮಾಣವಾಗಿ ಒಪ್ಪಿತು. ಅಂದಿನಿಂದ ಜಗತ್ತಿನ ಜಾಣರು ಅದನ್ನು ಮುರಿಯಲು ನೋಡುತ್ತಲೇ ಇದ್ದಾರೆ, ಸರಿಯಾಗಿ ಬಳಸಿದ ಕಡೆ ಮುರಿದಿಲ್ಲ. ಹಾಗಾದರೆ ಡಬ್ಬಿಯ ಮೇಲೆ “256 ಬಿಟ್ ಎ.ಇ.ಎಸ್.” ಎಂದು ಕಂಡೊಡನೆ ನಿಶ್ಚಿಂತರಾಗಬಹುದೇ? ಆಗಬಾರದು. ಬೀಗ ಉಕ್ಕಿನದಾದರೂ ಕೀಲಿಕೈಯನ್ನು ಹೊಸ್ತಿಲ ಮೇಲಿಟ್ಟರೆ ಏನಾಯಿತು?

ಇದು ಬರಿಯ ಮಾತಲ್ಲ. 2018ರಲ್ಲಿ ನೆದರ್ಲೆಂಡ್ಸ್ ದೇಶದ ರಾಡ್‌ಬೌಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಹೆಸರುವಾಸಿ ಕಂಪನಿಗಳ ಕೆಲವು ಎಸ್.ಎಸ್.ಡಿ.ಗಳನ್ನು ಬಿಚ್ಚಿ ನೋಡಿದರು. ಹಲವು ಮಾದರಿಗಳಲ್ಲಿ ಸಂಕೇತಪದ ತಿಳಿಯದೆಯೇ ಒಳಗಿನದನ್ನು ಓದಬಹುದಾಗಿತ್ತು. ಗುಪ್ತಲಿಪಿಯಲ್ಲಿ ದೋಷವಿರಲಿಲ್ಲ. ಕೆಲವದರಲ್ಲಿ ಬಳಕೆದಾರ ಕೊಟ್ಟ ಸಂಕೇತಪದಕ್ಕೂ ಬರಹವನ್ನು ಮುಚ್ಚಿದ ಕೀಲಿಕೈಗೂ ನಂಟೇ ಇರಲಿಲ್ಲ; ಬಾಗಿಲ ಕಾವಲುಗಾರ “ಸಂಕೇತ ಸರಿಯೇ?” ಎಂದು ಕೇಳುತ್ತಿದ್ದ ಅಷ್ಟೆ, ಅವನ ಬಾಯಿ ಮುಚ್ಚಿಸಿದರೆ ಕೀಲಿಕೈ ಕೈಗೆ ಸಿಕ್ಕುತ್ತಿತ್ತು. ಇದರ ಮೇಲೆ ಮೈಕ್ರೋಸಾಫ್ಟಿನವರು 2019ರಲ್ಲಿ ತಮ್ಮ ಬಿಟ್‌ಲಾಕರ್ ಡಿಸ್ಕಿನ ಬೀಗವನ್ನು ತಾನಾಗಿ ನೆಚ್ಚದೆ ತನ್ನ ಬೀಗವನ್ನೇ ಹಾಕುವಂತೆ ಬದಲಾಯಿಸಿದರು. ಅಷ್ಟು ದೊಡ್ಡವರೇ ನೆಚ್ಚದ್ದನ್ನು ಒಂದು ವಾಚನಾಲಯ ಪರೀಕ್ಷಿಸದೆ ನೆಚ್ಚಬಾರದಷ್ಟೆ.

ನಾವು ಮಾಡಿದ ಪರೀಕ್ಷೆ ಅಂಥ ವಿದ್ವತ್ತಿನದಲ್ಲ. ಪೆಟ್ಟಿಗೆ ರೈಲಿನಲ್ಲಿ ಸಿಕ್ಕ ಸಾಧಾರಣ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಮಾಡಿದೆವು. ಇಬ್ಬರು ಕಡತಗಳನ್ನು ಒಳಗಿಟ್ಟರು, ಸಂಕೇತ ಗೊತ್ತಿಲ್ಲದ ಇಬ್ಬರು ಬೇರೆ ಕಡೆ ತೆರೆಯಲು ನೋಡಿದರು. ತಿಜೋರಿ ತೆರೆಯಲಿಲ್ಲ. ಆದರೆ ತಿಜೋರಿಗೆ ನಕಲು ಮಾಡಿದ ಮೇಲೆ ಮೂಲಪ್ರತಿ ಹೊರಗೇ ಉಳಿದಿತ್ತು. ಅದು ಒಂದೇ ಕ್ಲಿಕ್ಕಿಗೆ ತೆರೆಯಿತು. ಇಟ್ಟವರಿಗೆ ತಾವು ನಕಲು ಮಾಡಿದೆವೋ ಸಾಗಿಸಿದೆವೋ ಎಂಬ ವಿವೇಚನೆಯೇ ಇರಲಿಲ್ಲ. ಮುಂದೆ, ತಿಜೋರಿಯ ಒಂದು ಕಡತವನ್ನು ತೆರೆದು ಓದುತ್ತಿರುವಾಗಲೇ ಕೇಬಲ್ಲನ್ನು ಕಿತ್ತೆವು. ಆಮೇಲೆ ಹುಡುಕಿದರೆ ಆ ಕಡತದ ಬಿಚ್ಚುಪ್ರತಿ ಗಣಕದ ತಾತ್ಕಾಲಿಕ ಕೋಣೆಯಲ್ಲಿ ಹಾಗೆಯೇ ಬಿದ್ದಿತ್ತು. ಬೀಗದ ಪೆಟ್ಟಿಗೆಯನ್ನು ಜೋಪಾನ ಮಾಡಿ ಕಾಗದವನ್ನು ಮೇಜಿನ ಮೇಲೆ ಬಿಟ್ಟು ಬಂದಂತೆ. ಮೂರನೆಯದಾಗಿ, ವಾಚನಾಲಯದ ಹಳೆಯ ಗಣಕ ಲಿನಕ್ಸಿನದು. ಈ ಕಂಪನಿಯ ತಂತ್ರಾಂಶ ವಿಂಡೋಸಿಗೂ ಮ್ಯಾಕಿಗೂ ಮಾತ್ರ. ಅಂದರೆ ನಮ್ಮ ಕಪಾಟನ್ನು ನಮ್ಮ ಕೋಣೆಯಲ್ಲಿಯೇ ತೆರೆಯುವಂತಿಲ್ಲ!

ನಡುವೆ ಒಂದು ತಮಾಷೆ. ಹಿರಿಯ ಸದಸ್ಯರೊಬ್ಬರು ಹಳೆಯ ಮಹಾಸಭೆಯ ನಡಾವಳಿಯೊಂದನ್ನು ತೆರೆದು, “ಇದಕ್ಕೆ ಭದ್ರವಾಗಿ ಬೀಗ ಹಾಕಿದ್ದೀರಿ, ಒಂದಕ್ಷರ ತಿಳಿಯದು” ಎಂದು ಮೆಚ್ಚಿಕೊಂಡರು. ನೋಡಿದರೆ ಅದಕ್ಕೆ ಬೀಗವೇ ಇರಲಿಲ್ಲ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಕಗ್ಗವಾಗಿ ಕಾಣುತ್ತಿತ್ತು. ಕನ್ನಡಿಗರು ಇಪ್ಪತ್ತು ವರ್ಷ ತಮ್ಮ ಬರಹಕ್ಕೆ ತಾವೇ ಹಾಕಿಕೊಂಡ ಗುಪ್ತಲಿಪಿ ಅದು. ಅಂಥವನ್ನು ಯೂನಿಕೋಡಿಗೆ ತಿರುಗಿಸುವ ಕೆಲಸ ಬೇರೆ ಇದೆ, ಕೈಬಿಡುವಿರುವವರು ಹೆಸರು ಕೊಡಬೇಕು.

ಹೀಗೆಲ್ಲ ಆದ ಮೇಲೆ ನಮ್ಮ ತೀರ್ಮಾನ ಇಷ್ಟು. ಪೆಟ್ಟಿಗೆಯನ್ನು ಕೊಳ್ಳಬಹುದು. ಅದರೊಡನೆ ಬಂದ ಬೀಗವನ್ನು ಬಿಡತಕ್ಕದ್ದು. ಅದರ ಬದಲು ವೆರಾಕ್ರಿಪ್ಟ್ ಎಂಬ ತಂತ್ರಾಂಶವನ್ನು ಬಳಸುವುದು. 2013ರಲ್ಲಿ ಹೊರಬಂದದ್ದು, ಉಚಿತವಾದದ್ದು, ಅದರ ಒಳರಚನೆಯನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಅದರಲ್ಲಿ ಒಂದು ದೊಡ್ಡ ಕಡತವೇ ತಿಜೋರಿ. ಸಂಕೇತ ಕೊಟ್ಟರೆ ಬೇರೊಂದು ಡಿಸ್ಕಿನಂತೆ ತೆರೆದುಕೊಳ್ಳುತ್ತದೆ, ಒಳಗಿನ ಕಡತಗಳ ಹೆಸರೂ ಹೊರಗೆ ಕಾಣದು. ಬಿಚ್ಚುಪ್ರತಿಯ ಭಯ ಇದರಿಂದ ಪೂರ್ತಿ ಹೋಗುವುದಿಲ್ಲ, ಏಕೆಂದರೆ ಕಡತವನ್ನು ತೆರೆದ ತಂತ್ರಾಂಶವೇ ಕೆಲವು ವೇಳೆ ಪ್ರತಿ ಇಟ್ಟುಕೊಳ್ಳುತ್ತದೆ. ಆದುದರಿಂದ ಅರ್ಜಿಗಳನ್ನು ವಾಚನಾಲಯದ ಒಂದೇ ಗಣಕದಲ್ಲಿ ನೋಡುವುದು, ಆ ಗಣಕದ ಡಿಸ್ಕಿಗೂ ಬೀಗ ಹಾಕುವುದು, ಮನೆಗೆ ಒಯ್ಯುವ ಪದ್ಧತಿಯನ್ನು ನಿಲ್ಲಿಸುವುದು.

ಸಂಕೇತಪದದ ವಿಷಯದಲ್ಲಿ ಚರ್ಚೆ ಬಹಳ ನಡೆಯಿತು. ವಚನವೊಂದರ ಮೊದಲ ಸಾಲನ್ನು ಇಡೋಣ, ಮರೆಯುವುದಿಲ್ಲ ಎಂದರು ಒಬ್ಬರು. ಕನ್ನಡ ಸಂಘದ ಪೆಟ್ಟಿಗೆ ಸಿಕ್ಕವನು ಮೊದಲು ಪ್ರಯತ್ನಿಸುವುದೇ ಅದನ್ನು. ಗಾದೆಯೂ ಬೇಡ, ಸಂಘ ಸ್ಥಾಪನೆಯ ವರ್ಷವೂ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಶಬ್ದಗಳನ್ನು ನಿಘಂಟಿನ ಪುಟ ತೆರೆದು ಕುರುಡಾಗಿ ಬೆರಳಿಟ್ಟು ಆರಿಸಿದೆವು. ಬರೆಯುವುದು ಮಾತ್ರ ರೋಮನ್ ಲಿಪಿಯಲ್ಲಿ. ಇದಕ್ಕಾಗಿ ನೀವು ಮುನಿಯಬಾರದು. ಕನ್ನಡ ಲಿಪಿಯಲ್ಲಿ ಕೆಲವು ಒತ್ತಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆ ಸೇರುವುದುಂಟು, ಒಂದು ಕೀಲಿಮಣೆ ಸೇರಿಸುತ್ತದೆ, ಇನ್ನೊಂದು ಸೇರಿಸದು. ನೋಡಲು ಎರಡೂ ಒಂದೇ, ಗಣಕಕ್ಕೆ ಬೇರೆ. ಅಭಿಮಾನಕ್ಕಾಗಿ ಬೀಗದ ಹೊರಗೆ ನಿಲ್ಲಲಾಗದು.

ಮರೆತರೆ ಗತಿಯೇನು? ಗತಿಯಿಲ್ಲ. ಕಂಪನಿಯಾಗಲಿ ಸರ್ಕಾರವಾಗಲಿ ತೆರೆದುಕೊಡಲಾರದು, ಒಳ್ಳೆಯ ಬೀಗವೆಂದರೆ ಅದೇ. ಸಂಘಗಳಲ್ಲಿ ಕಾರ್ಯದರ್ಶಿಗಳು ಬದಲಾಗುತ್ತಾರೆ, ಊರಿಗೆ ಹೋಗುತ್ತಾರೆ, ತೀರಿಕೊಳ್ಳುತ್ತಾರೆ. ಆದುದರಿಂದ ಸಂಕೇತವನ್ನು ಕಾಗದದ ಮೇಲೆ ಬರೆದು ಎರಡು ಲಕೋಟೆಗಳಲ್ಲಿ ಮುಚ್ಚಿ, ಅಂಟಿನ ಮೇಲೆ ಇಬ್ಬರು ರುಜು ಹಾಕಿ, ಒಂದನ್ನು ಅಧ್ಯಕ್ಷರ ಮನೆಯಲ್ಲಿ ಇನ್ನೊಂದನ್ನು ಕೋಶಾಧಿಕಾರಿಗಳ ಮನೆಯಲ್ಲಿ ಇಡಬೇಕು. ಪೆಟ್ಟಿಗೆ ಇರುವ ಕಡೆ ಲಕೋಟೆ ಇರಬಾರದು.

ಬೀಗ ಬೇಡದ್ದಕ್ಕೆ ಬೀಗ ಹಾಕಬಾರದೆಂದೂ ಹೇಳಬೇಕು. ಹಳೆಯ ಸಂಚಿಕೆಗಳು, ನಾಟಕದ ಚಿತ್ರಗಳು, ಭಾಷಣಗಳ ಧ್ವನಿಮುದ್ರಣಗಳು ಎಲ್ಲರೂ ನೋಡಲೆಂದೇ ಇರುವಂಥವು. ಉಚಿತ ವಾಚನಾಲಯ ಅವನ್ನು ತಿಜೋರಿಯಲ್ಲಿಟ್ಟು ಒಂದು ದಿನ ಸಂಕೇತ ಮರೆತರೆ ಕಳ್ಳನಿಗಿಂತ ಹೆಚ್ಚಿನ ನಷ್ಟವನ್ನು ನಾವೇ ಮಾಡಿದಂತಾಯಿತು. ಅವಕ್ಕೆ ಬೇಕಾದದ್ದು ಬೀಗವಲ್ಲ, ಎರಡನೆಯ ಪ್ರತಿ. ಬೇರೊಂದು ಮನೆಯಲ್ಲಿ ತಿರುಗುವ ಹಳೆಯ ಡಿಸ್ಕಿನ ಮೇಲೆ ಇದ್ದರೂ ಸಾಕು. ಎಸ್.ಎಸ್.ಡಿ.ಯನ್ನು ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಕಪಾಟಿನಲ್ಲಿ ಮಲಗಿಸಬಾರದು. ಬರೆದು ಬರೆದು ಸವೆದ ಡಿಸ್ಕು 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ವಿದ್ಯುತ್ತಿಲ್ಲದೆ ಒಂದು ವರ್ಷ ಬರಹ ಹಿಡಿದಿರಬೇಕು ಎಂಬುದು ಉದ್ಯಮದ ಪ್ರಮಾಣ. ಹೊಸದು ಹೆಚ್ಚು ಕಾಲ ಹಿಡಿಯುತ್ತದೆ. ಆದರೂ ಮೂರು ತಿಂಗಳಿಗೊಮ್ಮೆ ಸೇರಿಸಿ ತೆರೆದು ನೋಡುವ ಪಾಳಿಯನ್ನು ಗೋಡೆಗೆ ಅಂಟಿಸಿದ್ದೇವೆ.

ಈ ವರ್ಷದ ಅರ್ಜಿಯೊಂದಿಗೆ ಆ ತಾಯಿ ಮತ್ತೆ ಬಂದಿದ್ದರು. ಹೊಸ ಏರ್ಪಾಡನ್ನೆಲ್ಲ ವಿವರಿಸಿದೆವು. ಸಮಾಧಾನದಿಂದ ಕೇಳಿ, “ಹಣ ಕೊಟ್ಟಾದ ಮೇಲೆ ಈ ಕಾಗದವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ?” ಎಂದರು. ಎರಡು ವಾರ ಪೆಟ್ಟಿಗೆಯನ್ನು ಹಿಂದುಮುಂದು ಮಾಡಿದ ನಮಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಹಿಂದಿನ ಆರು ವರ್ಷಗಳ ಅರ್ಜಿಗಳು, ಕಾರಣವಿಲ್ಲದೆ, ನಮ್ಮ ಗಣಕದಲ್ಲಿ ಇನ್ನೂ ಇವೆ. ಎಸ್.ಎಸ್.ಡಿ. ಸವೆತವನ್ನು ಹಂಚಲು ಬರಹವನ್ನು ತನ್ನಷ್ಟಕ್ಕೆ ಅಲ್ಲಿಲ್ಲಿ ಸರಿಸುತ್ತಿರುವುದರಿಂದ, ಅದರಲ್ಲಿ ಒಂದು ಕಡತದ ಮೇಲೆ ಬೇರೆ ಬರೆದು ಅಳಿಸಿದೆನೆಂದು ಖಂಡಿತವಾಗಿ ಹೇಳಲಾಗದು. ಆದರೆ ಗುಪ್ತಲಿಪಿಯಲ್ಲಿ ಉಳಿದ ಚೂರುಗಳು ಸಂಕೇತವಿಲ್ಲದವನಿಗೆ ಕಸ. ಆದುದರಿಂದ ವರ್ಷಕ್ಕೊಂದು ಪ್ರತ್ಯೇಕ ತಿಜೋರಿ, ಬೇರೆ ಸಂಕೇತ. ಲೆಕ್ಕ ಪರಿಶೋಧನೆ ಮುಗಿದೊಡನೆ ಅಗತ್ಯವಾದ ಮೊತ್ತದ ಪಟ್ಟಿಯನ್ನು ಮಾತ್ರ ಉಳಿಸಿ ತಿಜೋರಿಯನ್ನು ಅಳಿಸಿ, ಎರಡು ಲಕೋಟೆಗಳನ್ನೂ ಸುಡುವುದು ಎಂಬ ಠರಾವನ್ನು ಸಭೆಯ ಮುಂದಿಡುತ್ತೇವೆ. ಹಿಂದಿನ ಆರು ವರ್ಷದವನ್ನು ಬರುವ ಭಾನುವಾರ ಹತ್ತು ಗಂಟೆಗೆ ಕುಳಿತು ವಿಲೇವಾರಿ ಮಾಡುತ್ತೇವೆ. ಇಬ್ಬರು ಸದಸ್ಯರು ಸಾಕ್ಷಿಗೆ ಬರಬೇಕು. ಈ ವರ್ಷದ ಲಕೋಟೆಗಳು ಮೇಜಿನ ಮೇಲಿವೆ. ಅಧ್ಯಕ್ಷರೂ ಕೋಶಾಧಿಕಾರಿಗಳೂ ದಯಮಾಡಿ ರುಜು ಹಾಕಬೇಕೆಂದು ಕೇಳಿಕೊಳ್ಳುತ್ತೇವೆ.