ಹಾಲು–ತುಪ್ಪ ಬೇಡದ ಆಲೂಗಡ್ಡೆ–ಪಾಲಕ್ ಪಲ್ಯ

ಇವತ್ತು ನಾನು ಹೇಳಬೇಕೆಂದಿರುವುದು ಹೊಲದ ವಿಷಯವಲ್ಲ, ಒಲೆಯ ವಿಷಯ. ಹಾಗಂತ ಗಂಡಸರು ಎದ್ದು ಹೋಗಬೇಕಾಗಿಲ್ಲ. ಹೊಲದಲ್ಲಿ ಬೆಳೆದದ್ದು ಕೊನೆಗೆ ಒಲೆಯ ಮೇಲೇ ತಾನೆ ಬರಬೇಕು? ಅಲ್ಲಿ ಅದು ಹೇಗೆ ಬೇಯುತ್ತೆ, ಯಾರ ತಟ್ಟೆಗೆ ಎಷ್ಟು ಬೀಳುತ್ತೆ ಅನ್ನೋದು ಮನೆಯವರೆಲ್ಲ ಕೇಳಬೇಕಾದ ಮಾತು.

ಆಲೂಗಡ್ಡೆ ನಿಮಗೆಲ್ಲ ಗೊತ್ತು. ಕೋಲಾರದ ಕಡೆ ಉರುಳಗಡ್ಡೆ ಅಂತಾರೆ, ಕರಾವಳಿಯಲ್ಲಿ ಬಟಾಟೆ ಅಂತಾರೆ. ಈ ಗಡ್ಡೆ ನಮ್ಮ ನಾಡಿನದಲ್ಲ. ದಕ್ಷಿಣ ಅಮೆರಿಕದ ಬೆಟ್ಟಗಳಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಈಗ ಹಾಸನ, ಚಿಕ್ಕಮಗಳೂರು, ಕೋಲಾರ, ಬೆಳಗಾವಿಯ ರೈತರ ಕೈಗೆ ಚೆನ್ನಾಗಿ ಹೊಂದಿಕೊಂಡುಬಿಟ್ಟಿದೆ. ಹಾಸನದ ಕಡೆ ಮುಂಗಾರಿಗೆ ನೆಡುವ ಬಿತ್ತನೆ ಗಡ್ಡೆ ಬಹುಪಾಲು ಪಂಜಾಬಿನ ಜಲಂಧರದಿಂದ ಬರುತ್ತೆ. ಬಿತ್ತನೆ ಬರುವ ಆ ನಾಡಿನಲ್ಲೇ ಮನೆಮನೆಯಲ್ಲೂ ಮಾಡುವ ಅಡಿಗೆ ಆಲೂ ಪಾಲಕ್. ಆಲೂಗಡ್ಡೆ ಮತ್ತು ಪಾಲಕ್ ಸೊಪ್ಪು ಕೂಡಿಸಿ ಮಾಡುವ ಪಲ್ಯ ಅದು. ಗಡ್ಡೆ ಅಲ್ಲಿಂದ ತರಿಸುತ್ತೇವೆ, ಪಲ್ಯವನ್ನೂ ಅಲ್ಲಿಂದಲೇ ಕಲಿಯೋಣ.

ಇದಕ್ಕೆ ಹಾಲು ಬೇಡ, ಮೊಸರು ಬೇಡ, ಕೆನೆ ಬೇಡ, ತುಪ್ಪವೂ ಬೇಡ. ಬೆಳಿಗ್ಗೆ ಕರೆದ ಹಾಲು ಡೇರಿಗೆ ಹೋಗುವ ಮನೆಯಲ್ಲೂ ಮಾಡಬಹುದು, ಹಸು ಬತ್ತಿದ ಮನೆಯಲ್ಲೂ ಮಾಡಬಹುದು. ಹಾಲಿನ ಪದಾರ್ಥ ಮುಟ್ಟದವರು ಮನೆಗೆ ಬಂದರೂ ಸಂಕೋಚವಿಲ್ಲದೆ ಬಡಿಸಬಹುದು.

ಮೊದಲು ಗಡ್ಡೆ ಆರಿಸುವ ಮಾತು. ಮೇ–ಜೂನ್‌ನಲ್ಲಿ ನೆಟ್ಟದ್ದನ್ನು ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕೀಳ್ತೀರಿ. ಒಳ್ಳೆಯ ಗಡ್ಡೆ ಚೀಲ ಸೇರಿ ಮಾರುಕಟ್ಟೆಗೆ ಹೋಗುತ್ತೆ. ಮನೆಗೆ ಉಳಿಯೋದು ಯಾವುದು? ಗೋಲಿಯಂಥ ಸಣ್ಣವು, ಗುದ್ದಲಿ ತಾಗಿದವು, ಬಿಸಿಲು ಬಿದ್ದು ಹಸಿರಾದವು. ಸಣ್ಣ ಗಡ್ಡೆಗೆ ಏನೂ ಕೊರತೆಯಿಲ್ಲ, ಸಿಪ್ಪೆಯೊಡನೆ ಬೇಯಿಸಿದರೆ ರುಚಿ ಹೆಚ್ಚು. ಗುದ್ದಲಿ ತಾಗಿದ್ದನ್ನು ಅಂದೇ, ಮಾರನೆಯ ದಿನವೇ ಬಳಸಿ. ಕೊಳೆತ ಭಾಗವಿದ್ದರೆ ಆ ಗಡ್ಡೆ ಬೇಡ.

ಆದರೆ ಹಸಿರು ಗಡ್ಡೆಯ ವಿಷಯದಲ್ಲಿ ಎಚ್ಚರ. ವ್ಯಾಪಾರಿ ಬೇಡವೆಂದು ಬಿಟ್ಟದ್ದನ್ನು ಎಸೆಯಲು ಮನಸ್ಸು ಬಾರದೆ ಸಾರಿಗೆ ಹಾಕುವುದುಂಟು. ಬೆಳಕು ಬಿದ್ದು ಹಸಿರಾದ ಗಡ್ಡೆಯಲ್ಲಿ, ಮೊಳಕೆಯಲ್ಲಿ, ಮೊಳಕೆಯ ಕಣ್ಣಿನಲ್ಲಿ ಸೋಲನಿನ್ ಎಂಬ ವಿಷ ಸೇರಿಕೊಳ್ಳುತ್ತೆ. ಅದರಿಂದ ವಾಂತಿ, ಹೊಟ್ಟೆನೋವು, ಭೇದಿ ಆಗಬಹುದು. ಬೇಯಿಸಿದರೂ ಈ ವಿಷ ಹೋಗೋದಿಲ್ಲ. ಸ್ವಲ್ಪವೇ ಹಸಿರಿದ್ದರೆ ಆ ಭಾಗವನ್ನು ದಪ್ಪಗೆ ಕೆತ್ತಿ ತೆಗೆಯಿರಿ. ತುಂಬಾ ಹಸಿರಾದದ್ದು, ಕಹಿ ಬಡಿಯುವುದು, ಮಕ್ಕಳಿಗೂ ಬೇಡ, ದೊಡ್ಡವರಿಗೂ ಬೇಡ. ಮನೆಗಿಟ್ಟುಕೊಂಡ ಗಡ್ಡೆಯನ್ನು ಬೆಳಕು ಬೀಳದ, ಗಾಳಿಯಾಡುವ ಜಾಗದಲ್ಲಿ ಹರಡಿ.

ಇನ್ನೊಂದು ಎಚ್ಚರಿಕೆ. ನೆಡುವ ಮುನ್ನ ಬಿತ್ತನೆ ಹೋಳುಗಳನ್ನು ಔಷಧಿಯ ನೀರಿಗೆ ಅದ್ದುತ್ತೇವಲ್ಲ, ಆ ಹೋಳು ಉಳಿದರೆ ಅಡಿಗೆಮನೆಗೆ ಬರಕೂಡದು. ತೊಳೆದರೆ ಆಯಿತು ಅನ್ನಬೇಡಿ. ದನಕ್ಕೂ ಹಾಕಬೇಡಿ.

ಸರಿ, ಈಗ ಒಲೆ ಹಚ್ಚೋಣ. ಐದು ಜನಕ್ಕೆ ಲೆಕ್ಕ ಹೇಳ್ತೇನೆ. ಅರ್ಧ ಕಿಲೋ ಆಲೂಗಡ್ಡೆ. ಸೋಸಿದ ಮೇಲೆ ಅರ್ಧ ಕಿಲೋ ಉಳಿಯುವಷ್ಟು ಪಾಲಕ್ ಸೊಪ್ಪು. ಈರುಳ್ಳಿ ಎರಡು, ಟೊಮೇಟೊ ಮೂರು, ಹಸಿಮೆಣಸಿನಕಾಯಿ ಮೂರು ನಾಲ್ಕು, ಬೆಳ್ಳುಳ್ಳಿ ಆರೇಳು ಎಸಳು, ಒಂದು ಅಂಗುಲ ಶುಂಠಿ. ಜೀರಿಗೆ ಒಂದು ಚಮಚ, ಧನಿಯಾ ಪುಡಿ ಎರಡು ಚಮಚ, ಅರಿಸಿನ ಕಾಲು ಚಮಚ. ಒಂದು ಹಿಡಿ ಕಡಲೇಕಾಯಿ ಬೀಜ. ಮೂರು ದೊಡ್ಡ ಚಮಚ ಎಣ್ಣೆ, ಉಪ್ಪು, ಅರ್ಧ ನಿಂಬೆಹಣ್ಣು. ಅಷ್ಟೆ.

ಕಡಲೇಕಾಯಿ ಬೀಜ ಯಾಕೆ ಅಂತೀರಾ? ಕೆನೆ ಹಾಕಿದರೆ ಬರುವ ಮಂದ ಇದರಿಂದಲೂ ಬರುತ್ತೆ, ಮೇಲಾಗಿ ದೇಹ ಕಟ್ಟುವ ಸತ್ವವೂ ಸೇರುತ್ತೆ. ಆದರೆ ಬೀಜ ಆರಿಸಿ ತೆಗೆದುಕೊಳ್ಳಿ. ಬೂಸಲು ಹಿಡಿದದ್ದು, ಬಣ್ಣ ಕೆಟ್ಟದ್ದು, ಸುಕ್ಕಿದ್ದು ಬೇಡ; ಬೂಸಲಿನ ವಿಷ ಹುರಿದರೂ ಪೂರ್ತಿ ಹೋಗುವಂಥದಲ್ಲ. ಒಳ್ಳೆಯ ಬೀಜವನ್ನು ಹದವಾಗಿ ಹುರಿದು, ಸಿಪ್ಪೆ ಉಜ್ಜಿ ತೂರಿ, ನೀರು ಚಿಮುಕಿಸಿ ನುಣ್ಣಗೆ ರುಬ್ಬಿಡಿ.

ಗಡ್ಡೆಯನ್ನು ಮಣ್ಣು ಹೋಗುವಂತೆ ತೊಳೆದು ಸಿಪ್ಪೆಯೊಡನೆ ಇಡಿಯಾಗಿ ಬೇಯಿಸಿ. ಹೆಚ್ಚಿ ನೀರಿಗೆ ಹಾಕಿದರೆ ಒಳಗಿನ ಸತ್ವ ನೀರಿಗೆ ಬಿಟ್ಟುಕೊಳ್ಳುತ್ತೆ. ಕಡ್ಡಿ ಚುಚ್ಚಿದರೆ ಒಳಗೆ ಹೋಗಬೇಕು, ಗಡ್ಡೆ ಒಡೆಯಬಾರದು. ಆರಿದ ಮೇಲೆ ಸಿಪ್ಪೆ ಸುಲಿದು ಹೋಳು ಮಾಡಿ. ಎಳೆಯ ಸಣ್ಣ ಗಡ್ಡೆಯಾದರೆ ಸುಲಿಯುವುದೂ ಬೇಡ.

ಪಾಲಕ್ ಸೊಪ್ಪನ್ನು ಮೊದಲು ತೊಳೆಯಬೇಕು, ಆಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ಸತ್ವ ಬಚ್ಚಲು ಸೇರುತ್ತೆ. ಅಗಲವಾದ ಪಾತ್ರೆಯಲ್ಲಿ ಮೂರು ನೀರಿನಲ್ಲಿ ತೊಳೆಯಿರಿ. ಸೊಪ್ಪನ್ನು ಮೇಲೆತ್ತಿಕೊಳ್ಳಿ, ನೀರನ್ನು ಬಗ್ಗಿಸಬೇಡಿ. ಬಗ್ಗಿಸಿದರೆ ತಳದ ಮಣ್ಣು ಮತ್ತೆ ಸೊಪ್ಪಿಗೇ ಅಂಟುತ್ತೆ. ಎಳೆಯ ದಂಟು ಬಿಸಾಡಬೇಡಿ, ಸಣ್ಣಗೆ ಹೆಚ್ಚಿ ಸೇರಿಸಿ.

ಕಬ್ಬಿಣದ ಬಾಂಡ್ಲಿ ಇದ್ದರೆ ಅದನ್ನೇ ಇಡಿ. ಟೊಮೇಟೊ ಹುಳಿ ತಗುಲಿ ಬಾಂಡ್ಲಿಯ ಕಬ್ಬಿಣ ಸ್ವಲ್ಪ ಸ್ವಲ್ಪ ಅಡಿಗೆಗೆ ಇಳಿಯುತ್ತೆ. ಅದು ಮೈಗೆ ಒಳ್ಳೆಯದು. ಪಲ್ಯದ ಬಣ್ಣ ತುಸು ಕಪ್ಪಾದರೆ ಗಾಬರಿ ಬೇಡ. ಎಣ್ಣೆ ಕಾದಮೇಲೆ ಜೀರಿಗೆ ಸಿಡಿಸಿ, ಈರುಳ್ಳಿ ಹಾಕಿ ಕೆಂಪಗೆ ಬಾಡಿಸಿ. ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಸೀಳಿದ ಮೆಣಸಿನಕಾಯಿ ಹಾಕಿ ಹಸಿವಾಸನೆ ಹೋಗುವವರೆಗೆ ಕೈಯಾಡಿಸಿ. ಅರಿಸಿನ, ಧನಿಯಾ ಪುಡಿ ಹಾಕಿ, ಸೀಯುವ ಮೊದಲೇ ಟೊಮೇಟೊ ಹಾಕಿ. ಅದು ಕರಗಿ ಅಂಚಿನಲ್ಲಿ ಎಣ್ಣೆ ಬಿಡಬೇಕು. ಈ ಹೊತ್ತಿನಲ್ಲಿ ಅವಸರಪಟ್ಟರೆ ಪಲ್ಯಕ್ಕೆ ಹಸಿ ರುಚಿ ಉಳಿದುಬಿಡುತ್ತೆ.

ಈಗ ರುಬ್ಬಿದ ಕಡಲೇಬೀಜ, ಒಂದು ಲೋಟ ನೀರು, ಆಲೂಗಡ್ಡೆ ಹೋಳು ಹಾಕಿ ಐದು ನಿಮಿಷ ಕುದಿಸಿ. ಎರಡು ಹೋಳನ್ನು ಸೌಟಿನ ಬೆನ್ನಿನಿಂದ ಹಿಸುಕಿದರೆ ರಸ ಗಟ್ಟಿಯಾಗುತ್ತೆ. ಕಡೆಯಲ್ಲಿ ಸೊಪ್ಪು. ಬಾಂಡ್ಲಿ ತುಂಬಿ ಹೋಯಿತಲ್ಲ ಅಂತ ಅಂಜಬೇಡಿ, ಎರಡು ನಿಮಿಷದಲ್ಲಿ ಕುಗ್ಗಿ ಒಂದು ಬೊಗಸೆ ಆಗುತ್ತೆ. ಕುಗ್ಗಿದ ಮೇಲೇ ಉಪ್ಪು ಹಾಕಿ. ಮೊದಲೇ ಹಾಕಿದರೆ ಕಣ್ಣಳತೆ ತಪ್ಪಿ ಉಪ್ಪು ಜಾಸ್ತಿಯಾಗುತ್ತೆ. ಮುಚ್ಚಳ ತೆಗೆದೇ ನಾಲ್ಕೈದು ನಿಮಿಷ ಬೇಯಿಸಿ ಇಳಿಸಿ. ನಿಂಬೆಹುಳಿ ಹಿಂಡುವುದು ಇಳಿಸಿದ ಮೇಲೆ. ಒಡನೆಯೇ ಬೇರೆ ಪಾತ್ರೆಗೆ ತೆಗೆಯಿರಿ. ಕಬ್ಬಿಣದಲ್ಲೇ ಬಿಟ್ಟರೆ ರುಚಿ ಒಗರಾಗುತ್ತೆ. ರೊಟ್ಟಿ, ಚಪಾತಿ, ಮುದ್ದೆ, ಅನ್ನ ಯಾವುದಕ್ಕಾದರೂ ಸರಿ.

ಪಾಲಕ್ ಸಿಗದಿದ್ದರೆ ದಂಟು, ಹರಿವೆ, ಬಸಳೆ ಹಾಕಿ. ನುಗ್ಗೆಸೊಪ್ಪು ಹಾಕಿದರೆ ಇನ್ನೂ ಹತ್ತು ನಿಮಿಷ ಹೆಚ್ಚಿಗೆ ಬೇಯಲಿ. ಮೂತ್ರಪಿಂಡದಲ್ಲಿ ಕಲ್ಲು ಬಂದು ವೈದ್ಯರು ಪಾಲಕ್ ಬೇಡ ಅಂದವರು ಮಾತ್ರ ಅದನ್ನು ಬಿಡಬೇಕು. ಸೊಪ್ಪಿನ ಪಲ್ಯ ಅಂದಂದಿಗೆ ಮಾಡಿ ಅಂದಂದಿಗೆ ಮುಗಿಸಿ. ರಾತ್ರಿ ಉಳಿದದ್ದನ್ನು ಬೆಳಿಗ್ಗೆ ಕೂಸಿಗೆ ತಿನ್ನಿಸಬೇಡಿ.

ಇಷ್ಟು ಅಡಿಗೆಯ ಮಾತಾಯಿತು. ಇನ್ನು ಊಟದ ಮಾತು, ಇದನ್ನು ಮನಸ್ಸಿಟ್ಟು ಕೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕಂಡದ್ದೇನು ಗೊತ್ತೇ? ದೇಶದಲ್ಲಿ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ. ನಮ್ಮ ಕರ್ನಾಟಕದಲ್ಲಿ ಸುಮಾರು 48 ಮಂದಿಗೆ. ಸುಸ್ತು, ಏದುಸಿರು, ತಲೆಸುತ್ತು, ಹೆರಿಗೆಯಲ್ಲಿ ಪ್ರಾಣಕ್ಕೇ ಅಪಾಯ — ಎಲ್ಲಕ್ಕೂ ಇದು ದಾರಿ.

ಸೊಪ್ಪು ತಿಂದರೆ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳೋದಿಲ್ಲ. ಲೆಕ್ಕ ಹಾಕಿ ನೋಡಿ. ಹೆಂಗಸಿಗೆ ದಿನಕ್ಕೆ ಬೇಕಾದ ಕಬ್ಬಿಣದ ಅಂಶ ಸುಮಾರು 29 ಮಿಲಿಗ್ರಾಂ. 100 ಗ್ರಾಂ ಪಾಲಕ್‌ನಲ್ಲಿರುವುದು ಸುಮಾರು 3 ಮಿಲಿಗ್ರಾಂ, ಅಂದರೆ ಹತ್ತರಲ್ಲಿ ಒಂದು ಪಾಲು. ಅದೂ ಪೂರಾ ಮೈಗೆ ಹತ್ತುವುದಿಲ್ಲ. ಅದಕ್ಕೇ ನಿಂಬೆಹುಳಿ ಹಿಂಡಿ ಅಂದದ್ದು. ಹುಳಿಯ ಸತ್ವ ಕಬ್ಬಿಣವನ್ನು ಮೈಗೆ ಸೇರಿಸುತ್ತೆ. ಊಟವಾದ ಕೂಡಲೇ ಕಾಫಿ, ಚಹ ಕುಡಿದರೆ ಅದಕ್ಕೆ ಅಡ್ಡಿ. ಒಂದು ಗಂಟೆ ತಡೆಯಿರಿ. ಜೊತೆಗೆ ಹುರುಳಿ, ಅಲಸಂದೆ, ರಾಗಿ ಎಲ್ಲವೂ ಊಟದಲ್ಲಿರಲಿ. ಬಸುರಿಯರು ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆ ತಪ್ಪದೆ ನುಂಗಬೇಕು. ಪಲ್ಯ ತಿಂದೆ, ಮಾತ್ರೆ ಯಾಕೆ ಅನ್ನಬಾರದು.

ಈಗ ಗಂಡಸರಿಗೆ ಒಂದು ಮಾತು. ಅರ್ಧ ಕಿಲೋ ಸೊಪ್ಪನ್ನು ಐದು ಜನಕ್ಕೆ ಸಮನಾಗಿ ಹಂಚಿದರೆ ತಾನೆ ತಲೆಗೆ 100 ಗ್ರಾಂ? ನಮ್ಮ ಮನೆಗಳಲ್ಲಿ ನಡೆಯೋದೇನು? ಗಂಡಸರಿಗೆ ಬಡಿಸಿ, ಮಕ್ಕಳಿಗೆ ಬಡಿಸಿ, ಅತ್ತೆ ಮಾವನಿಗೆ ಬಡಿಸಿ, ಕಡೆಗೆ ಅಡಿಗೆ ಮಾಡಿದಾಕೆ ಬಾಂಡ್ಲಿಯ ತಳದ ರಸ ಬಳಿದು ಉಣ್ಣುತ್ತಾಳೆ. ಗದ್ದೆಯಲ್ಲಿ ಕೊನೆಯ ಮಡಿಗೆ ನೀರು ಮುಟ್ಟದಿದ್ದರೆ ಆ ಮಡಿಯ ಪೈರು ಸೊರಗದೆ ಇರುತ್ತದೆಯೇ? ಇದೂ ಹಾಗೆಯೇ. ಒಟ್ಟಿಗೆ ಕೂತು ಉಣ್ಣುವುದಾದರೆ ಬಹಳ ಒಳ್ಳೆಯದು. ಆಗದಿದ್ದರೆ ಅತ್ತೆಯವರೇ, ಬಡಿಸುವ ಮೊದಲು ಸೊಸೆಯ ಪಾಲನ್ನು ಒಂದು ಬಟ್ಟಲಿಗೆ ತೆಗೆದು ಮುಚ್ಚಿಡಿ. ನೀವು ಇಟ್ಟರೆ ಅವಳು ಬೇಡವೆನ್ನಲಾರಳು.

ಸೊಪ್ಪನ್ನು ಕೊಳ್ಳಬೇಕಾಗಿಯೂ ಇಲ್ಲ. ಹಿತ್ತಲಲ್ಲಿ ಎರಡು ಮಡಿ ಸಾಕು. ಚೆನ್ನಾಗಿ ಕಳಿತ ಗೊಬ್ಬರ ಹಾಕಿ, ಮೊದಲ ಮಡಿಗೆ ಪಾಲಕ್ ಬೀಜ ಸಾಲಾಗಿ ಹಾಕಿ. ಹದಿನೈದು ದಿನ ಬಿಟ್ಟು ಎರಡನೆಯದಕ್ಕೆ ಹಾಕಿ. ತಿಂಗಳೊಪ್ಪತ್ತಿಗೆ ಕೊಯ್ಲು. ಬುಡದಿಂದ ಎರಡು ಅಂಗುಲ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತೆ. ಬಚ್ಚಲ ನೀರು ಬಾಳೆಗೆ ಹೋಗಲಿ, ಸೊಪ್ಪಿಗೆ ಬಾವಿಯ ನೀರು ಇರಲಿ. ಆಲೂಗಡ್ಡೆ ಹೊಲಕ್ಕೆ ಅಂಗಮಾರಿ ರೋಗದ ಔಷಧಿ ಹೊಡೆಯುವಾಗ ಗಾಳಿ ಹಿತ್ತಲ ಕಡೆ ಬೀಸುತ್ತಿದ್ದರೆ ನಿಲ್ಲಿಸಿ. ಆ ಔಷಧಿ ಎಲೆಯ ಮೇಲೆ ಕೂರುತ್ತೆ, ಎಲೆಯನ್ನೇ ನಾವು ತಿನ್ನೋದು.

ಗಡ್ಡೆಗೆ ಬೆಲೆ ಬಂದರೆ ಮಾರಿ, ಸಂತೋಷ. ಆದರೆ ಪ್ರತಿ ಕೊಯ್ಲಿನಲ್ಲೂ ಒಂದು ಚೀಲ ಒಳ್ಳೆಯ ಗಡ್ಡೆ, ಆರಿಸಿ ಉಳಿದದ್ದಲ್ಲ, ಒಳ್ಳೆಯದೇ, ಮನೆಯವರಿಗೆ ಅಂತ ಎತ್ತಿಡಿ. ಈ ವಾರವೇ ಒಮ್ಮೆ ಪಲ್ಯ ಮಾಡಿ ನೋಡಿ.