ಗುಬ್ಬಿಯ ಕವಿ, ನನ್ನ ಅಜ್ಜಿಯ ಕಥೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



"ನೀವು ಜೀವಮಾನವೆಲ್ಲ ಇಂಗ್ಲಿಷ್ ಪಾಠ ಮಾಡಿದವರು, ಇಂಗ್ಲಿಷ್ ಸಾಹಿತ್ಯದ ಬಗ್ಗೆ ನಾಲ್ಕು ಮಾತು ಹೇಳಿ" ಎಂದು ಸಮಿತಿಯವರು ಕೇಳಿದರು. ಒಪ್ಪಿಕೊಂಡೆ. ಆದರೆ ಇಂಗ್ಲೆಂಡಿನಿಂದ ಹೊರಟರೂ ನಾನು ಬಂದು ನಿಲ್ಲುವುದು ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ದೂರದ ಗುಬ್ಬಿಯಲ್ಲಿ. ಅದಕ್ಕೆ ಕಾರಣವಾದವಳು ನನ್ನ ಅಜ್ಜಿ.

ನಾನು ಗುಬ್ಬಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯವನು. ಹೈಸ್ಕೂಲಿಗೆಂದು ತುಮಕೂರಿಗೆ ಸೋದರಮಾವನ ಮನೆಗೆ ಬಂದೆ. ಈ ಶಾಲೆಗೆ ನನ್ನನ್ನು ಸೇರಿಸಲು ಅಪ್ಪನಿಗೆ ಬಿಡುವಿರಲಿಲ್ಲ, ಅಜ್ಜಿ ಬಂದಳು. ಅರ್ಜಿಯ ಕೊನೆಗೆ ಸಹಿ ಹಾಕಬೇಕಾದ ಕಡೆ ಅವಳು ಹೆಬ್ಬೆಟ್ಟು ಒತ್ತಿದಳು. ಮಸಿಯಾದ ಬೆರಳನ್ನು ಸೀರೆಯ ಸೆರಗಿಗೆ ಒರೆಸಿಕೊಂಡು ನಕ್ಕಳು. ಹೊರಗೆ ನಿಂತಿದ್ದ ಹುಡುಗನೊಬ್ಬ, "ಅವರು ಯಾರು?" ಎಂದು ಕೇಳಿದ. "ನಮ್ಮ ತೋಟದಲ್ಲಿ ಕೆಲಸ ಮಾಡೋರು" ಎಂದೆ. ಅಜ್ಜಿ ಎರಡು ಮಾರು ದೂರದಲ್ಲಿದ್ದಳು. ಕೇಳಿಸಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಓದಿದೆ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡೆ. ಚಾಸರ್ ಎಂಬ ಕವಿಯ ಪಾಠ ಬಂತು. ಆತ ತೀರಿಕೊಂಡದ್ದು 1400ರಲ್ಲಿ. ಲಂಡನ್ನಿನ ದ್ರಾಕ್ಷಾರಸದ ವ್ಯಾಪಾರಿಯ ಮಗ, ಮುಂದೆ ಬಂದರಿನಲ್ಲಿ ಸುಂಕದ ಅಧಿಕಾರಿಯಾದವನು. ಆ ಕಾಲದ ಇಂಗ್ಲೆಂಡನ್ನು ನೀವು ಕಣ್ಣ ಮುಂದೆ ತಂದುಕೊಳ್ಳಬೇಕು. 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಆ ದೇಶವನ್ನು ಗೆದ್ದ ಮೇಲೆ ಅರಮನೆಯವರಿಗೆ ಫ್ರೆಂಚ್, ಮಠದವರಿಗೆ ಲ್ಯಾಟಿನ್, ಹೊಲ ಉಳುವವನಿಗೆ ಇಂಗ್ಲಿಷ್ ಎಂದಾಯಿತು. ಕೋರ್ಟಿನ ವಾದ ಜನರ ಮಾತಿನಲ್ಲೇ ನಡೆಯಲಿ ಎಂದು ಕಾನೂನು ಬಂದದ್ದು 1362ರಲ್ಲಿ. ನಡುವೆ, 1348ರಲ್ಲಿ, ಪ್ಲೇಗು ಬಂದು ಹಳ್ಳಿಗೆ ಹಳ್ಳಿಯೇ ಬರಿದಾಗಿತ್ತು. ಅಂಥ ಕಾಲದಲ್ಲಿ ಚಾಸರ್ ಜನರ ಮಾತಿನಲ್ಲಿ ಕಥೆ ಕಟ್ಟಿದ. ಯಾತ್ರೆಗೆ ಹೊರಟ ಒಂದು ಗುಂಪು, ಅದರಲ್ಲಿ ಯೋಧ, ಗಿರಣಿಯವನು, ಬಡಗಿ, ಸನ್ಯಾಸಿನಿ, ಗಂಡಂದಿರನ್ನು ಕಳೆದುಕೊಂಡ ಗಟ್ಟಿಗಿತ್ತಿ ಎಲ್ಲರೂ ಇದ್ದಾರೆ. ದಾರಿ ಸವೆಯಲಿ ಎಂದು ಸರದಿಯಂತೆ ಕಥೆ ಹೇಳುತ್ತಾರೆ. ಚೆನ್ನಾಗಿ ಹೇಳಿದವರಿಗೆ ಉಳಿದವರ ಲೆಕ್ಕದಲ್ಲಿ ಒಂದು ಊಟ!

ಎಷ್ಟು ದೊಡ್ಡ ದೇಶ, ಎಂಥ ಕವಿ ಎಂದು ಬೆರಗಾದೆ. ನಮ್ಮ ಕಡೆ ಏನಿದೆ, ಅಡಿಕೆ, ತೆಂಗು, ರಾಗಿ ಎಂದುಕೊಂಡೆ.

ಎಂ.ಎ. ಓದುವಾಗ ಒಂದು ದಿನ ಗ್ರಂಥಾಲಯದಲ್ಲಿ ಬೇರೇನನ್ನೋ ಹುಡುಕುತ್ತ ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ' ಕೈಗೆ ಸಿಕ್ಕಿತು. ಹಾಳೆ ತಿರುವುತ್ತಿದ್ದಾಗ 'ಗುಬ್ಬಿಯ ಮಲ್ಲಣಾರ್ಯ' ಎಂಬ ಹೆಸರು ಕಂಡು ಕೈ ನಿಂತಿತು. 'ಭಾವಚಿಂತಾರತ್ನ' 1513, 'ವೀರಶೈವಾಮೃತ' 1530. ಭಾವಚಿಂತಾರತ್ನದಲ್ಲಿ ಬರುವುದು ಸತ್ಯೇಂದ್ರಚೋಳನ ಕಥೆ.

ಆ ಕಥೆ ನನಗೆ ಗೊತ್ತಿತ್ತು. ಪುಸ್ತಕದಿಂದಲ್ಲ. ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿಗಳಲ್ಲಿ, ಲಾಟೀನಿನ ಸುತ್ತ ಕುಳಿತು, ಕೈಗೆ ಕೆಲಸ ಕಿವಿಗೆ ಕಥೆ ಎಂಬಂತೆ ಅಜ್ಜಿ ಹೇಳುತ್ತಿದ್ದಳು. ರಾಜನ ಮಗ ಕುದುರೆ ಏರಿ ಊರ ಬೀದಿಯಲ್ಲಿ ಬರುತ್ತಾನೆ. ಕುದುರೆಯ ಕಾಲಿಗೆ ಸಿಕ್ಕಿ ಒಬ್ಬ ತಾಯಿಯ ಮಗು ಸಾಯುತ್ತದೆ. ಆ ತಾಯಿ ಅರಮನೆಯ ಮುಂದೆ ಬಂದು ನ್ಯಾಯ ಕೇಳುತ್ತಾಳೆ. ರಾಜ ತನ್ನ ಮಗನಿಗೇ ಮರಣದಂಡನೆ ಕೊಡುತ್ತಾನೆ. ಕೊನೆಗೆ ಶಿವ ಮೆಚ್ಚಿ ಸತ್ತವರನ್ನು ಎಬ್ಬಿಸುತ್ತಾನೆ. ಅಜ್ಜಿಗೆ ಕವಿಯ ಹೆಸರು ಗೊತ್ತಿರಲಿಲ್ಲ. ಶ್ರಾವಣದಲ್ಲಿ ಬಸವಣ್ಣನ ಗುಡಿಯಲ್ಲಿ ಒಬ್ಬರು ಪುರಾಣ ಓದುವರು, ಇನ್ನೊಬ್ಬರು ಅರ್ಥ ಹೇಳುವರು. ಕಂಬದ ಹಿಂದೆ ಕುಳಿತ ಹೆಂಗಸರು ಅದನ್ನು ಮನೆಗೆ ತರುವರು.

ಮಲ್ಲಣಾರ್ಯನ ಕಾಲವನ್ನು ಸ್ವಲ್ಪ ನೋಡಿ. 1513 ಎಂದರೆ ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದ ಕಾಲ. ಇಂಗ್ಲೆಂಡಿನಲ್ಲಿ ಕ್ಯಾಕ್ಸ್ಟನ್ ಎಂಬಾತ 1476ರಲ್ಲೇ ಅಚ್ಚಿನ ಯಂತ್ರ ಹೂಡಿ, ಸ್ವಲ್ಪ ಕಾಲದಲ್ಲೇ ಚಾಸರನ ಕಥೆಗಳನ್ನು ಅಚ್ಚುಹಾಕಿದ್ದ. ನಮ್ಮಲ್ಲಿ ಅಚ್ಚು ಇರಲಿಲ್ಲ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು, ಮಸಿ ಬಳಿದು ಒರೆಸಿದರೆ ಅಕ್ಷರ ಕಾಣುತ್ತಿತ್ತು. ಒಂದು ಪ್ರತಿಗೆ ತಿಂಗಳುಗಟ್ಟಲೆ ಕೆಲಸ. ಆದ್ದರಿಂದ ಕಾವ್ಯ ಊರೂರಿಗೆ ಹೋಗಬೇಕಾದರೆ ಕಿವಿಯ ದಾರಿಯೇ ಗತಿ. ಷಟ್ಪದಿ ಅದಕ್ಕೆ ಹೇಳಿ ಮಾಡಿಸಿದ ಛಂದಸ್ಸು. ಆರು ಸಾಲು, ಮೂರನೆಯದೂ ಆರನೆಯದೂ ಉದ್ದ. ಅಲ್ಲಿ ಓದುವವನು ರಾಗ ಎಳೆಯಬಹುದು, ಕೇಳುವವನು ಅರ್ಥ ಹಿಡಿಯಬಹುದು. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ. ಹಳೆಯ ಇಂಗ್ಲಿಷ್ ಪದ್ಯಗಳಲ್ಲಿ ಸಾಲನ್ನು ಕಟ್ಟಿ ಹಿಡಿಯುವುದು ಪದಗಳ ಮೊದಲ ಧ್ವನಿ. ಎರಡು ಕಡೆಯೂ ಉದ್ದೇಶ ಒಂದೇ: ಓದು ಬರದವರಿಗೂ ನೆನಪಿರಬೇಕು.

ಕಥೆಯೂ ಊರಿಂದೂರಿಗೆ ನಡೆಯುತ್ತದೆ. ಚಾಸರ್ ಇಟಲಿಗೆ ಹೋಗಿ ಬಂದವನು, ಅಲ್ಲಿಯ ಬೊಕಾಚಿಯೋನ ಕಥೆಗಳನ್ನು ತನ್ನದಾಗಿಸಿಕೊಂಡ. ನಮ್ಮ ಚೋಳನ ಕಥೆಯ ಬೇರು ತಮಿಳು ನಾಡಿನಲ್ಲಿದೆ. ಅಲ್ಲಿ ಮನುನೀತಿ ಚೋಳ ಎಂಬ ರಾಜನ ಕಥೆಯಿದೆ. ರಾಜಕುಮಾರನ ರಥದಡಿ ಕರು ಸಾಯುತ್ತದೆ, ತಾಯಿ ಹಸು ಅರಮನೆಯ ಗಂಟೆ ಎಳೆದು ನ್ಯಾಯ ಕೇಳುತ್ತದೆ. ಮಲ್ಲಣಾರ್ಯ ಹೇಳಿದ ಕಥೆಯನ್ನೇ ಹದಿನೇಳನೆಯ ಶತಮಾನದಲ್ಲಿ ಷಡಕ್ಷರದೇವ ಎತ್ತಿಕೊಂಡು 'ರಾಜಶೇಖರವಿಳಾಸ' ಬರೆದ. ಅದರಲ್ಲಿ ಮಗನನ್ನು ಕಳೆದುಕೊಂಡ ತಿರುಕೊಳವಿನಾಚಿಯ ಗೋಳು ಇಂದಿಗೂ ಹೆಸರಾಗಿದೆ.

ಆ ಕಥೆಯಲ್ಲಿ ಕುದುರೆ ಏಕೆ ಬಂತು ಎಂದು ನಾನು ಬಹಳ ಯೋಚಿಸಿದ್ದೇನೆ. ಅಂದು ಒಳ್ಳೆಯ ಕುದುರೆ ನಮ್ಮ ನಾಡಿನಲ್ಲಿ ಹುಟ್ಟುತ್ತಿರಲಿಲ್ಲ. ಅರಬ್, ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬರಬೇಕಿತ್ತು. ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದ ಮೇಲೆ ಆ ವ್ಯಾಪಾರದ ಮೇಲೆ ಅವರ ಕೈ ಬಲವಾಯಿತು. ವಿಜಯನಗರದ ಸೈನ್ಯಕ್ಕೆ ಕುದುರೆಯೇ ಬಲ. ಅಂದರೆ ಕಾವ್ಯ ಹುಟ್ಟಿದ ಕಾಲದಲ್ಲಿ ಕುದುರೆ ರಾಜ್ಯದ ಅತಿ ಬೆಲೆಯ ವಸ್ತು. ಅದನ್ನು ಏರಿದವನು ಯಾರು, ಅದರ ಕಾಲಡಿ ಸಿಗುವವರು ಯಾರು ಎಂಬುದು ಕೇಳುಗರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಕವಿ ಹೇಳಹೊರಟದ್ದು ಪಂಚಾಕ್ಷರಿಯ ಮಹಿಮೆ, ನಿಜ. ಆದರೆ ಗುಡಿಯ ಕಂಬದ ಹಿಂದೆ ಕೂತವರಿಗೆ ಇನ್ನೊಂದೂ ಕೇಳಿಸಿತು: ಬೀದಿಯ ಮಗುವಿನ ಜೀವಕ್ಕೂ ಅರಮನೆಯ ಮಗನ ಜೀವಕ್ಕೂ ತೂಕ ಒಂದೇ.

ಇಂಥ ದೊಡ್ಡ ಮಾತು ನಮ್ಮ ಸೀಮೆಗೆ ಹೊಸದಲ್ಲ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆ ನಿಂತ ತೋಂಟದ ಸಿದ್ಧಲಿಂಗರ 701 ವಚನಗಳಿವೆ. ಗುಬ್ಬಿಯಲ್ಲೇ 1884ರಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಗುಬ್ಬಿ ವೀರಣ್ಣನವರು ಅದನ್ನು ನಾಡಿಗೆಲ್ಲ ಕೊಂಡೊಯ್ದರು. ಕಾವ್ಯ ಕೇಳಿ ಪಳಗಿದ ಕಿವಿಗಳಿದ್ದ ಊರಿನಲ್ಲಿ ನಾಟಕ ಬೆಳೆದದ್ದು ಆಶ್ಚರ್ಯವಲ್ಲ.

ಆ ರಜೆಯಲ್ಲಿ ಪುಸ್ತಕ ತೆಗೆದುಕೊಂಡು ಊರಿಗೆ ಹೋದೆ. ಅಜ್ಜಿಗೆ ಕಣ್ಣು ಮಂಜಾಗಿತ್ತು. ಜಗಲಿಯ ಮೇಲೆ ಕೂರಿಸಿ ಓದತೊಡಗಿದೆ. ಪರೀಕ್ಷೆಗೆ ಓದುವವನ ಹಾಗೆ ಒಂದೇ ಸಮನೆ ಓದುತ್ತಿದ್ದೆ. ಅಜ್ಜಿ ನನ್ನ ಮಂಡಿಯ ಮೇಲೆ ಕೈ ಇಟ್ಟು, "ಅಷ್ಟು ಬಿರಬಿರನೆ ಓದಬ್ಯಾಡ ಮಗಾ. ತಾಯಿ ಅಳೋ ಜಾಗದಲ್ಲಿ ನಿಲ್ಲಿಸಬೇಕು. ಕೇಳೋರು ಕಣ್ಣು ಒರೆಸಿಕೊಳ್ಳಬೇಕಲ್ಲ" ಎಂದಳು.

ಕಾವ್ಯವನ್ನು ಹೇಗೆ ಓದಬೇಕು ಎಂದು ಎಂ.ಎ. ಓದುತ್ತಿದ್ದವನಿಗೆ ಹೆಬ್ಬೆಟ್ಟು ಒತ್ತಿದವಳು ಕಲಿಸಿದಳು. ಅಂದು ಶಾಲೆಯ ಅಂಗಳದಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ಬಾಯಿಯವರೆಗೆ ಬಂತು. ಕೇಳಲಿಲ್ಲ. ಮುಂದಿನ ರಜೆಯ ಹೊತ್ತಿಗೆ ಅವಳು ಇರಲಿಲ್ಲ.

ಅದಕ್ಕೇ ಇವತ್ತು, ಅದೇ ಅಂಗಳದಲ್ಲಿ, ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ: ಅವತ್ತು ನನ್ನನ್ನು ಶಾಲೆಗೆ ಸೇರಿಸಲು ಬಂದವಳು ತೋಟದ ಕೆಲಸದವಳಲ್ಲ. ನನ್ನ ಅಜ್ಜಿ.

ಮಕ್ಕಳೇ, ಇಂಗ್ಲಿಷ್ ಚೆನ್ನಾಗಿ ಕಲಿಯಿರಿ, ಚಾಸರನನ್ನೂ ಓದಿ. ಅವನನ್ನು ಓದದಿದ್ದರೆ ಮಲ್ಲಣಾರ್ಯನ ಬೆಲೆ ನನಗೂ ತಿಳಿಯುತ್ತಿರಲಿಲ್ಲವೇನೋ. ಆದರೆ ಓದು ಬರದ ದೊಡ್ಡವರು ಮನೆಯಲ್ಲಿದ್ದರೆ ಈ ದಸರಾ ರಜೆಯಲ್ಲಿ ಅವರ ಹತ್ತಿರ ಕೂತು ಒಂದು ಕಥೆ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ, ಕೆಳಗೆ ಅವರ ಹೆಸರು ಹಾಕಿ. ಹಾಗೆ ಬರೆದ ಹಾಳೆಗಳನ್ನು ಹೊಲಿಸಿ ಶಾಲೆಯ ಗ್ರಂಥಾಲಯದಲ್ಲಿಡಲು ಬೇಕಾದ ಖರ್ಚು ನನ್ನದು. ಮುಖ್ಯೋಪಾಧ್ಯಾಯರಿಗೆ ಆಗಲೇ ಹೇಳಿದ್ದೇನೆ. ಮೊದಲ ಪುಸ್ತಕದ ಮೊದಲ ಕಥೆಯನ್ನು ಬರೆದು ತಂದಿದ್ದೇನೆ. ಕೆಳಗೆ ಸಹಿಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ.