ಆಪಾದಿತನಿಗೂ ಒಬ್ಬ ವಕೀಲ



ಅಚ್ಯುತಾಪುರಂನ ವಿಶೇಷ ಆರ್ಥಿಕ ವಲಯದ ಕಾರ್ಖಾನೆಗೆ ದುಡಿಯಲು ಬಂದ ಕನ್ನಡಿಗನೊಬ್ಬನ ಮೇಲೆ ಅವನ ಪತ್ನಿ ಪೊಲೀಸರಿಗೆ ದೂರು ಕೊಟ್ಟಳೆಂದು ಭಾವಿಸೋಣ. ನಾವೇನು ಮಾಡುತ್ತೇವೆ? ಸಂಘದ ಮಾನ ಉಳಿಯಲೆಂದು ದೂರನ್ನು ಹಿಂದೆಗೆದುಕೊಳ್ಳಲು ಆಕೆಯನ್ನೇ ಒತ್ತಾಯಿಸುತ್ತೇವೆ. ಇಲ್ಲವೆ ಅವನನ್ನು ಅಪರಾಧಿಯೆಂದೇ ಬಗೆದು ಕೈಬಿಡುತ್ತೇವೆ. ಎರಡೂ ಅನ್ಯಾಯವೇ.

ಬಂಧಿತನು ತನ್ನ ಆಯ್ಕೆಯ ವಕೀಲನ ನೆರವು ಪಡೆಯುವುದು ಸಂವಿಧಾನದ 22ನೆಯ ವಿಧಿಯಿತ್ತ ಹಕ್ಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯೂ ಕೈಗಾರಿಕಾ ಕಾರ್ಮಿಕನೂ ವರಮಾನದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು.

ಪತ್ನಿಯ ಮೇಲಿನ ಕ್ರೌರ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಿನಲ್ಲಿ ಮೂರು ವರ್ಷಗಳವರೆಗೆ ಸೆರೆವಾಸವುಂಟು. 2024ರ ಜುಲೈಗೆ ಮೊದಲು ಅದು 498-ಎ ಎನಿಸಿತ್ತು. ಆದರೆ ದೂರು ಬಂದೊಡನೆ ಯಾಂತ್ರಿಕವಾಗಿ ಬಂಧಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಆದುದರಿಂದ ಪೊಲೀಸರ ನೋಟಿಸು ಬಂದರೆ ಆಪಾದಿತನು ಊರಿಗೆ ಓಡಬಾರದು, ಹಾಜರಾಗಬೇಕು.

ನಮಗಿರುವ ಇನ್ನೊಂದು ತೊಡಕು ಭಾಷೆಯದು. ತೆಲುಗು ಲಿಪಿ ನಮ್ಮದನ್ನೇ ಹೋಲುವುದರಿಂದ, ಅಕ್ಷರ ಕೂಡಿಸಿ ಓದಿದವನು ಅರ್ಥವಾಗದ ಕಾಗದಕ್ಕೂ ರುಜು ಹಾಕಿಬಿಡುತ್ತಾನೆ. ವಿಚಾರಣೆಯಲ್ಲಿ ಆಪಾದಿತನಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬುದು ಕಾನೂನು. ಅದನ್ನು ಕೇಳಿ ಪಡೆಯಬೇಕು.

ಸಂಘವು ಪಂಚಾಯಿತಿ ಮಾಡುವುದು ಬೇಡ. ಇಬ್ಬರಿಗೂ ಬೇರೆ ಬೇರೆಯಾಗಿ ದುಭಾಷಿಯನ್ನೂ ವಕೀಲರ ವಿಳಾಸವನ್ನೂ ಒದಗಿಸಲಿ. ಆಪಾದಿತನಿಗೆ ವಕೀಲನನ್ನು ತೋರಿಸಿಕೊಟ್ಟರೆ ಅವನ ಹೊಡೆತವನ್ನು ಮನ್ನಿಸಿದಂತಾಗದು. ಅವನ ಮಾತನ್ನೂ ಕೇಳಿ ಕೊಟ್ಟ ತೀರ್ಪು ಮೇಲಿನ ನ್ಯಾಯಾಲಯದಲ್ಲಿಯೂ ನಿಲ್ಲುತ್ತದೆ. ನೊಂದವಳಿಗೆ ಬೇಕಾದುದೂ ಅಂಥ ತೀರ್ಪೇ.